ತೋಟಾಕ್ಕೆ ಸವರಿದ ಜಿಡ್ಡು



1857ರ ದಂಗೆಗೆ ಕಾರಣವೇನೆಂದು ಶಾಲೆಯ ಮಕ್ಕಳನ್ನು ಕೇಳಿ ನೋಡಿ. ದನದ ಮತ್ತು ಹಂದಿಯ ಕೊಬ್ಬು ಸವರಿದ ತೋಟಾ ಎಂಬ ಉತ್ತರ ಥಟ್ಟನೆ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಓದಿಕೊಂಡದ್ದೂ ಅಷ್ಟೇ. ಆದರೆ ತೋಟಾಕ್ಕೆ ಕೊಬ್ಬನ್ನೇಕೆ ಸವರಬೇಕಿತ್ತು? ಅದರ ಬದಲು ಬೇರೇನನ್ನಾದರೂ ಸವರಿದ್ದರೆ ಬಂದೂಕು ಹಾರುತ್ತಿರಲಿಲ್ಲವೇ? ಈ ಎರಡು ಪ್ರಶ್ನೆಗಳನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಮೊದಲು ಮದ್ದಿನ ವಿಷಯ. ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ ಸೇರಿದರೆ ಕರಿಮದ್ದು. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲವಣಗಳ ರೂಪದಲ್ಲಿ ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ದಟ್ಟ ಬಿಳಿ ಹೊಗೆಯಾಗಿ ಹೊರಬಿದ್ದರೆ, ಇನ್ನೊಂದಿಷ್ಟು ನಳಿಗೆಯ ಒಳಮೈಗೆ ಕಿಟ್ಟದಂತೆ ಅಂಟಿಕೊಳ್ಳುತ್ತದೆ. ತೇವವಿದ್ದರೆ ಈ ಕಿಟ್ಟ ಮೆತ್ತಗಿರುತ್ತದೆ. ಒಣಹವೆಯಲ್ಲಿ, ಬಿಸಿ ನಳಿಗೆಯಲ್ಲಿ ಅದು ಗಟ್ಟಿ ಹೊಪ್ಪಳೆಯಾಗುತ್ತದೆ.

ಹಳೆಯ ಮಸ್ಕೆಟ್ ಬಂದೂಕುಗಳ ನಳಿಗೆ ನುಣುಪಾಗಿತ್ತು, ಗುಂಡು ಸಡಿಲವಾಗಿತ್ತು. ಕಿಟ್ಟ ಕಟ್ಟಿದರೂ ಗುಂಡು ಹೇಗೋ ಒಳಗಿಳಿಯುತ್ತಿತ್ತು. ರೈಫಲ್ ಹಾಗಲ್ಲ. ಅದರ ನಳಿಗೆಯೊಳಗೆ ತಿರುಪಿನಂಥ ಗಾಡಿಗಳಿರುತ್ತವೆ. ಸೀಸದ ಗುಂಡು ಅವುಗಳನ್ನು ಹಿಡಿದುಕೊಂಡು ಬುಗುರಿಯಂತೆ ಸುತ್ತುತ್ತಾ ಹೊರಬರಬೇಕು. ಗಾಡಿಗಳಲ್ಲಿ ಕಿಟ್ಟ ತುಂಬಿದರೆ ಗುರಿ ಕೆಡುತ್ತದೆ, ಸೀಸ ಒಳಮೈಗೆ ಮೆತ್ತಿಕೊಳ್ಳುತ್ತದೆ. ಬಾಯಿಯಿಂದ ತುಂಬುವ ರೈಫಲ್ ಆದರೆ ಕೆಲವು ಸುತ್ತುಗಳ ನಂತರ ಗುಂಡು ಒಳಗಿಳಿಯುವುದೇ ಕಷ್ಟ. ಯುದ್ಧದ ನಡುವೆ ನಳಿಗೆ ತೊಳೆಯುತ್ತಾ ಕೂರಲು ಯಾವ ಸಿಪಾಯಿಗೂ ಆಗದು. ಗುಂಡಿನ ಜತೆಗೆ ಜಿಡ್ಡೂ ಹೋದರೆ ಪ್ರತಿ ಸುತ್ತೂ ಹಿಂದಿನ ಕಿಟ್ಟವನ್ನು ಮೆತ್ತಗೆ ಮಾಡಿ ಒರೆಸಿಕೊಂಡು ಬರುತ್ತದೆ. ಆದ್ದರಿಂದ ಜಿಡ್ಡು ಅನಿವಾರ್ಯವಾಗಿತ್ತು.

1853ರ ಮಾದರಿಯ ಎನ್‌ಫೀಲ್ಡ್ ಇಂಥ ರೈಫಲ್. ಅದರ ತೋಟಾ ಎಂದರೆ ಮದ್ದು ಮತ್ತು ಗುಂಡನ್ನು ಸುತ್ತಿಟ್ಟ ಕಾಗದದ ಸುರುಳಿ. ಸಿಪಾಯಿ ಒಂದು ತುದಿಯನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕು. ಬಳಿಕ ತೋಟಾವನ್ನು ತಿರುಗಿಸಿ, ಜಿಡ್ಡು ಸವರಿದ ಇನ್ನೊಂದು ತುದಿಯನ್ನು ಗುಂಡಿನ ಸಮೇತ ಒಳಗಿಟ್ಟು, ಉಳಿದ ಕಾಗದ ಹರಿದೆಸೆದು ಸಲಾಕೆಯಿಂದ ದೂಡಬೇಕು. ಕಚ್ಚುವ ತುದಿ ಬೇರೆ, ಜಿಡ್ಡಿನ ತುದಿ ಬೇರೆ ಎಂಬುದು ನಿಜ. ಆದರೆ ನಮ್ಮ ಬಿಸಿಲಿನಲ್ಲಿ ಕೊಬ್ಬು ಹಚ್ಚಿದಲ್ಲೇ ನಿಲ್ಲುತ್ತದೆಯೇ? ಕೈಗೆ ಅಂಟಿದ್ದು ಬಾಯಿಗೆ ಅಂಟದೇ ಇರುತ್ತದೆಯೇ?

ಕೊಬ್ಬನ್ನೇ ಆರಿಸಿದ್ದೇಕೆ? ಇಂಗ್ಲೆಂಡಿನಲ್ಲಿ ಅದು ಅಗ್ಗ. ಕೊಬ್ಬಿಗೆ ಜೇನುಮೇಣ ಬೆರೆಸಿದರೆ ಸುಲಭವಾಗಿ ಕರಗಿ ಹರಿಯದ ಮಿಶ್ರಣವಾಗುತ್ತದೆ. ಅಲ್ಲಿನ ಕಾರ್ಖಾನೆಗೆ ಇದು ಬರೀ ತಾಂತ್ರಿಕ ಲೆಕ್ಕ. ಈ ತೋಟಾಗಳ ಜಿಡ್ಡು ಇಲ್ಲಿನ ಹವೆಗೆ ತಡೆಯುತ್ತದೆಯೇ ಎಂದು ಪರೀಕ್ಷಿಸಲು 1853ರಲ್ಲೇ ಅವನ್ನು ಭಾರತಕ್ಕೆ ಕಳಿಸಿದ್ದರು. ಸಿಪಾಯಿಗಳ ಜಾತಿಧರ್ಮಕ್ಕೆ ಧಕ್ಕೆ ತರುವ ಜಿಡ್ಡನ್ನು ಬಳಸಬಾರದೆಂದು ಕರ್ನಲ್ ಟಕ್ಕರ್ ಎಂಬ ಅಧಿಕಾರಿ ಆಗಲೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಕಡತದಲ್ಲೇ ಉಳಿಯಿತು. ಹವೆಯ ಪರೀಕ್ಷೆ ನಡೆಯಿತು, ಮನಸ್ಸಿನ ಪರೀಕ್ಷೆ ನಡೆಯಲಿಲ್ಲ.

1857ರ ಜನವರಿಯಲ್ಲಿ ಕಲ್ಕತ್ತದ ಬಳಿಯ ದಮ್‌ದಮ್‌ನಿಂದ ಸುದ್ದಿ ಹಬ್ಬಿತು. ಕೊಬ್ಬಿನಲ್ಲಿ ದನದ್ದು ಬೆರೆಯದಂತೆ ಯಾರೂ ವಿಶೇಷ ಎಚ್ಚರ ವಹಿಸಿರಲಿಲ್ಲ ಎಂಬುದು ಸರ್ಕಾರದ ವಿಚಾರಣೆಯಲ್ಲೇ ಹೊರಬಿತ್ತು. ಅದೇ ತಿಂಗಳ ಕೊನೆಯಲ್ಲಿ ಸರ್ಕಾರ ಮಣಿಯಿತು. ಇನ್ನು ಜಿಡ್ಡಿಲ್ಲದ ತೋಟಾ ಕೊಡುತ್ತೇವೆ, ನಿಮಗೆ ಒಪ್ಪುವ ಜಿಡ್ಡನ್ನು ನೀವೇ ಹಚ್ಚಿಕೊಳ್ಳಿ ಎಂದಿತು. ಹಲ್ಲಿನ ಬದಲು ಕೈಯಿಂದ ಹರಿಯುವ ಕವಾಯತೂ ಬಂತು.

ಇಲ್ಲಿಗೆ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೇರೆ ಜಿಡ್ಡು ಆಗುತ್ತಿತ್ತು. ಇಂದಿಗೂ ಅಮೆರಿಕದಲ್ಲಿ ಹವ್ಯಾಸಿಗಳು ಕರಿಮದ್ದಿನ ಹಳೆಯ ಮಾದರಿಯ ರೈಫಲ್‌ಗಳಿಂದ ಗುರಿಸ್ಪರ್ಧೆ ನಡೆಸುತ್ತಾರೆ. ಜೇನುಮೇಣಕ್ಕೆ ಸಸ್ಯದ ಎಣ್ಣೆಯನ್ನೋ ಪ್ರಾಣಿಯ ಕೊಬ್ಬನ್ನೋ ಬೆರೆಸುತ್ತಾರೆ. ಬೇಸಿಗೆಗೆ ಮೇಣ ಹೆಚ್ಚು, ಚಳಿಗೆ ಎಣ್ಣೆ ಹೆಚ್ಚು. ಸಾಮಾನ್ಯ ಪೆಟ್ರೋಲಿಯಂ ಎಣ್ಣೆಯನ್ನು ದೂರವಿಡುತ್ತಾರೆ, ಏಕೆಂದರೆ ಅದು ಕರಿಮದ್ದಿನೊಂದಿಗೆ ಸೇರಿ ಡಾಂಬರಿನಂತೆ ಅಂಟುತ್ತದೆ. ಎರಡು ಸುತ್ತುಗಳ ನಡುವೆ ಕೊಳವೆಯಿಟ್ಟು ನಳಿಗೆಯೊಳಗೆ ಬಾಯಿಂದ ಊದುವವರೂ ಇದ್ದಾರೆ. ಉಸಿರಿನ ತೇವಕ್ಕೇ ಕಿಟ್ಟ ಮೆತ್ತಗಾಗುತ್ತದೆ! ನಳಿಗೆಯ ಬಾಯಿಯಲ್ಲಿ ತೆಳ್ಳನೆಯ ಜಿಡ್ಡಿನ ಉಂಗುರ ಕಂಡರೆ ಹಚ್ಚಿದ್ದು ಸಾಕಾಗಿದೆಯೆಂದು ಅರ್ಥ. ಬ್ರಿಟಿಷರೇ 1871ರ ಮಾರ್ಟಿನಿ-ಹೆನ್ರಿ ರೈಫಲ್ಲಿನ ಲೋಹದ ತೋಟಾದೊಳಗೆ ಗುಂಡಿನ ಹಿಂದೆ ಜೇನುಮೇಣದ ಬಿಲ್ಲೆಯನ್ನಿಟ್ಟರು. ಅದನ್ನು ಯಾರೂ ಕಚ್ಚಬೇಕಾಗಿರಲಿಲ್ಲ.

ಹಾಗಾದರೆ ಜನವರಿಯ ಆದೇಶದಿಂದ ಎಲ್ಲವೂ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಈಗ ಬದಲಿಸುತ್ತಾರೆಂದರೆ ಮೊದಲಿನದರಲ್ಲಿ ಏನೋ ಇತ್ತು ಎಂದೇ ಅರ್ಥವಾಯಿತು. ಸಂಶಯ ಜಿಡ್ಡಿನಿಂದ ಕಾಗದಕ್ಕೆ ದಾಟಿತು. ಅದರ ಹೊಳಪಿಗೇ ಕೊಬ್ಬು ಕಾರಣ ಎಂದರು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕೆತ್ತಿದ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲು ಒಪ್ಪಲಿಲ್ಲ. ಅಂದು ಕೊಟ್ಟದ್ದು ಅವರು ಹಿಂದಿನಿಂದಲೂ ಬಳಸುತ್ತಿದ್ದ ಹಳೆಯ ನಮೂನೆಯ ತೋಟಾಗಳೇ! ಮೇ 9ರಂದು ಎಲ್ಲರೆದುರು ಅವರ ಕಾಲಿಗೆ ಬೇಡಿ ಬಿತ್ತು. ಮರುದಿನ ದಂಗೆ ಎದ್ದಿತು. ಮುಂದಿನ ವರ್ಷ ಕಂಪನಿಯ ಆಳ್ವಿಕೆಯೇ ಮುಗಿಯಿತು.

ದಂಗೆಯ ಬಿಸಿ ನಮ್ಮ ನಾಡಿಗೂ ತಟ್ಟಿತು. ಹೆದರಿದ ಸರ್ಕಾರ ಜನರ ಆಯುಧಗಳನ್ನು ಕಸಿಯಲು ಹೊರಟಾಗ, 1857ರ ನವೆಂಬರ್‌ನಲ್ಲಿ ಮುಧೋಳದ ಬಳಿಯ ಹಲಗಲಿಯ ಬೇಡರು ತಿರುಗಿಬಿದ್ದರು. ಅವರ ಊರು ಸುಟ್ಟುಹೋಯಿತು. ಆ ಕಥೆಯನ್ನು ಲಾವಣಿಯಲ್ಲಿ ಕೇಳಿದವರು ನಮ್ಮಲ್ಲಿ ಬಹಳ ಮಂದಿ.

ಕೇವಲ ಜಿಡ್ಡಿನಿಂದ ದಂಗೆ ಆಯಿತೆಂದು ನಾನು ಹೇಳುತ್ತಿಲ್ಲ. ಸಂಬಳ, ಭತ್ಯೆ, ಅವಧ್ ಸಂಸ್ಥಾನದ ವಶ, ಮತಾಂತರದ ಭಯ ಎಲ್ಲವೂ ಒಳಗೇ ಕುದಿಯುತ್ತಿದ್ದವು. ಆದರೆ ಬೇರೆ ದೂರುಗಳ ಮೇಲೆ ವಾದ ಮಾಡಬಹುದಿತ್ತು. ಇದು ಬಾಯಿಗೆ ಬರುವ ವಸ್ತು. ಅದನ್ನು ಕಚ್ಚಿದವನು ಮನೆಗೆ ಮರಳಿ ಪಂಕ್ತಿಯಲ್ಲಿ ಕೂರಬೇಕಿತ್ತು. ಜೇನುಮೇಣಕ್ಕೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಬೆರೆಸಿದ್ದರೂ ನಡೆಯುತ್ತಿತ್ತು ಎಂಬುದನ್ನು ತಿಳಿಯಲು ದೊಡ್ಡ ವಿಜ್ಞಾನ ಬೇಕಿರಲಿಲ್ಲ. ಬಳಸುವವನನ್ನು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾಲ್ಕು ವರ್ಷ ಕೈಯಲ್ಲಿದ್ದೂ ಯಾರೂ ಕೇಳಲಿಲ್ಲ. ಕೊನೆಗೆ ಕೇಳಿದಾಗ, ಕೇಳುವವರನ್ನು ನಂಬುವವರು ಉಳಿದಿರಲಿಲ್ಲ.