ಬರಿದಾದ ಕುಂಡ



ಶಿಕಾರಿಪುರ ತಾಲ್ಲೂಕಿನ ಉಡುತಡಿ, 12ನೇ ಶತಮಾನದ ವಚನಕಾರ್ತಿ ಅಕ್ಕಮಹಾದೇವಿ ಹುಟ್ಟಿದ ಊರು. ಚೆನ್ನಮಲ್ಲಿಕಾರ್ಜುನ ಎಂಬ ಆಕೆಯ ಅಂಕಿತದಲ್ಲೇ ಮಲ್ಲಿಗೆಯಿದೆ. ಆ ಮಲ್ಲಿಗೆಯನ್ನು ನಾವೂ ಕುಂಡದಲ್ಲಿ ಬೆಳೆಸುತ್ತೇವೆ. ಗಿಡ ನೆಲಕ್ಕಿಳಿದ ಮೇಲೆ ಕುಂಡವನ್ನು ಹಿತ್ತಿಲ ಮೂಲೆಗೆ ಎಸೆದು ಮರೆತುಬಿಡುತ್ತೇವೆ.

ಜೂನ್ ಮಳೆ ಅದನ್ನು ಮರೆಯುವುದಿಲ್ಲ. ಕುಂಡದಲ್ಲಿ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಸುಮಾರು 10 ದಿನಗಳಲ್ಲಿ ಸೊಳ್ಳೆಗಳು ಹಾರುತ್ತವೆ. ನೀರು ಒಣಗಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು. ಒಳಮೈಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಬೇಕು. ಇದರಿಂದ ಹಳೆಯ ಮಣ್ಣಿನ ಶಿಲೀಂಧ್ರವೂ ಬಹುಪಾಲು ತೊಲಗುತ್ತದೆ. ಬಿಸಿಲಿಗೆ ಒಣಗಿಸಿ, ಅಳತೆಗೆ ತಕ್ಕಂತೆ ಒಂದರೊಳಗೊಂದು ಇಟ್ಟು, ಮಣ್ಣಿನ ಕುಂಡಗಳ ನಡುವೆ ಹುಲ್ಲು ಸೇರಿಸಿ, ಸೂರಿನಡಿ ಕವುಚಿಡಿ. ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಪೆಡಸಾಗುತ್ತದೆ, ಅದಕ್ಕೆ ನೆರಳಿರಲಿ.

ಬರಿದಾಗುವುದು ಕೊರತೆಯಲ್ಲ. ಅಕ್ಕ ಎಲ್ಲವನ್ನೂ ತೊರೆದು ನಡೆದದ್ದು ಬಯಸಿದ ದೇವನೊಬ್ಬನಿಗೆ ಪೂರ್ತಿ ಜಾಗ ಮಾಡಿಕೊಡಲು. ಜತನ ಮಾಡದ ಬರಿದಿನಲ್ಲಿ ಬೇಡದ್ದು ತುಂಬಿಕೊಳ್ಳುತ್ತದೆ. ತೊಳೆದಿಟ್ಟ ಬರಿದು ಮುಂದಿನ ಸಸಿಗೆ ಕಾಯುತ್ತದೆ. ಮನಸ್ಸೂ ಹಾಗೆಯೇ.

ಇಂದು ಒಂದು ಕುಂಡ ತೊಳೆದಿಡೋಣ.