ತಾಯಿಯ ದುಡಿಮೆ ಮತ್ತು ಹದಿಹರೆಯದ ಮಗಳ ಆತಂಕ



ರಾಮನಗರ, ಮಂಡ್ಯ ಮೊದಲಾದ ಕಡೆಗಳ ಅನೇಕ ಗ್ರಾಮಗಳಿಂದ ತಾಯಂದಿರು ಪ್ರತಿದಿನ ಬೆಳಗ್ಗೆ ಬಸ್ಸು ಹತ್ತಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ತೆರಳುತ್ತಾರೆ. ಹೊತ್ತು ಮುಳುಗುವ ವೇಳೆಗೆ ಹಿಂತಿರುಗುತ್ತಾರೆ. ಇನ್ನು ಕೆಲವರು ರೇಷ್ಮೆ ನೂಲು ಬಿಚ್ಚಾಣಿಕೆಗೆ, ತೋಟದ ಕೂಲಿಗೆ ಹೋಗುವವರು. ಇಂತಹ ಮನೆಯಲ್ಲಿ ಹದಿಮೂರು ಹದಿನಾಲ್ಕರ ಮಗಳು ಪದೇ ಪದೇ ಹೊಟ್ಟೆನೋವೆಂದು ಮಲಗಿದರೆ, ಶಾಲೆಗೆ ಹೋಗಲೊಲ್ಲೆನೆಂದು ಅತ್ತರೆ, ನೆರೆಹೊರೆಯವರು ಒಡನೆಯೇ ತೀರ್ಪು ಕೊಡುತ್ತಾರೆ: "ತಾಯಿ ಮನೆಯಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ."

ಈ ತೀರ್ಪು ಸರಿಯಲ್ಲ. ತಾಯಿ ದುಡಿಯಲು ಹೋಗುವುದೊಂದರಿಂದಲೇ ಮಗಳ ಮನಸ್ಸು ಕೆಡುವುದಿಲ್ಲ. ತಾಯಿ ಹೊರಟ ಮೇಲೆ ಮನೆಯ ಹೊರೆ ಯಾರ ಹೆಗಲಿಗೆ ಬಿತ್ತು ಎಂಬುದನ್ನು ಮೊದಲು ನೋಡಬೇಕು. ನೀರು ತರುವುದು, ಪಾತ್ರೆ ತೊಳೆಯುವುದು, ತಮ್ಮನನ್ನು ನೋಡಿಕೊಳ್ಳುವುದು, ರಾತ್ರಿಯ ಮುದ್ದೆಗೆ ಎಸರಿಡುವುದು ಇವೆಲ್ಲವೂ ಮಾತಿಲ್ಲದೆ ಮಗಳ ಪಾಲಿಗೆ ಬರುತ್ತವೆ. ಅದೇ ವಯಸ್ಸಿನ ಮಗ ಗೋಲಿಯಾಡುತ್ತಿರುತ್ತಾನೆ, ತಂದೆ ಅರಳಿಕಟ್ಟೆಯಲ್ಲಿರುತ್ತಾನೆ. ಪಾಠ ಉಳಿಯಿತು, ನಾಳೆ ಶಾಲೆಯಲ್ಲಿ ಬೈಗುಳ ತಪ್ಪದು ಎಂಬ ಅಂಜಿಕೆ ಒಂದು ಕಡೆ. ಕತ್ತಲಾದರೂ ಅಮ್ಮ ಬಾರದಿದ್ದಾಗಿನ ಕಳವಳ ಮತ್ತೊಂದು ಕಡೆ. ಮೊದಲ ಬಾರಿ ಋತುಮತಿಯಾದ ದಿನ ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಆ ಭಯ ಬಹುಕಾಲ ಉಳಿಯಬಹುದು. ಆದುದರಿಂದ ಮುಟ್ಟಿನ ವಿಷಯವನ್ನು ತಾಯಿ ಮುಂಚಿತವಾಗಿಯೇ ತಿಳಿಸಿಕೊಡುವುದು ಅಗತ್ಯ.

ಆತಂಕವು ಹೆಚ್ಚಾಗಿ ದೇಹದ ಮೂಲಕವೇ ಮಾತನಾಡುತ್ತದೆ. ತಲೆನೋವು, ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ನಿದ್ರೆ ಬಾರದಿರುವುದು ಇದರ ಲಕ್ಷಣಗಳು. ಇದು ಗಾಳಿಸೋಕಲ್ಲ, ಸೋಮಾರಿತನವೂ ಅಲ್ಲ. ಆದರೆ ರಕ್ತಹೀನತೆಯಿಂದಲೂ ಎದೆಬಡಿತ ಮತ್ತು ಸುಸ್ತು ಬರುವುದುಂಟು. ಆದಕಾರಣ ಮೊದಲು ರಕ್ತ ಪರೀಕ್ಷೆ ಮಾಡಿಸಿರಿ. ಈ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗುತ್ತಾಳೋ ಬಿಸಾಡುತ್ತಾಳೋ, ವಿಚಾರಿಸಿರಿ.

ಇನ್ನು ತಂದೆಯವರಿಗೆ ಒಂದು ಮಾತು. ಹೆಂಡತಿಯ ಸಂಬಳ ಮನೆಗೆ ಬೇಕು ಎಂದಾದ ಮೇಲೆ ಮನೆಗೆಲಸದ ಪಾಲು ನಿಮಗೂ ಬೇಕು. ಸಂಜೆ ನೀವೇ ನೀರು ತನ್ನಿರಿ. ಮಗನಿಗೂ ಪೊರಕೆ ಹಿಡಿಸಿರಿ. ಊರಿನಲ್ಲಿ ನಕ್ಕರೆ ನಗಲಿ. ಚಿಕ್ಕ ಮಗುವಿದ್ದರೆ ಅಂಗನವಾಡಿಗೆ ಕಳುಹಿಸಿರಿ. ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ ಎಂದು ಕೇಳಿರಿ. ತಾಯಿ ಹಿಂತಿರುಗುವುದು ತಡವಾಗುವ ದಿನ ಮಗಳಿಗೆ ಮೊದಲೇ ತಿಳಿಸಬೇಕು. ಮಲಗುವ ಮುನ್ನ ಕಾಲು ಗಂಟೆ ಅವಳ ಪಕ್ಕದಲ್ಲಿ ಕುಳಿತು, ಬುದ್ಧಿವಾದ ಹೇಳದೆ, ಅವಳ ಮಾತು ಕೇಳಿದರೆ ಸಾಕು. ದುಡಿದು ದಣಿದ ತಾಯಿಗೂ ಇದು ಅಸಾಧ್ಯವಲ್ಲ.

"ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಮದುವೆ ಮಾಡಿ ಜವಾಬ್ದಾರಿ ಕಳೆದುಕೊಳ್ಳೋಣ" ಎಂಬ ಯೋಚನೆ ಕೆಲವರಲ್ಲಿದೆ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯ ಪ್ರಕಾರ ಅಪರಾಧ. ಮೇಲಾಗಿ, ಅಂಜಿದ ಹುಡುಗಿಯನ್ನು ಅಪರಿಚಿತ ಮನೆಗೆ ಕಳುಹಿಸಿದರೆ ಅಂಜಿಕೆ ಎಲ್ಲಿಂದ ಕಡಿಮೆಯಾದೀತು?

ಎರಡು ಮೂರು ವಾರ ಕಳೆದರೂ ಗುಣ ಕಾಣದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಬದುಕುವುದೇ ಬೇಡವೆಂದು ಅವಳು ಒಮ್ಮೆ ಆಡಿದರೂ ಹಗುರವಾಗಿ ಎಣಿಸಬೇಡಿರಿ. ಒಬ್ಬಳನ್ನೇ ಬಿಡದೆ ಅಂದೇ ವೈದ್ಯರಿಗೆ ತೋರಿಸಿರಿ, ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಮಗಳೇ ಮಾತನಾಡಬಯಸಿದರೆ ಫೋನನ್ನು ಅವಳ ಕೈಗೆ ಕೊಟ್ಟು, ನೀವಿಬ್ಬರೂ ಸ್ವಲ್ಪ ಹೊತ್ತು ಹೊರಗೆ ಜಗುಲಿಯ ಮೇಲೆ ಕುಳಿತಿರಿ.