ಕಿರಿದಾದ ಕೆಪಾಸಿಟರ್, ಸ್ಥಿರವಾದ ಲೂಪ್

ಬಾಗಲಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸ



ಈ ಊರಿನ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ ಹುಟ್ಟಿತು. ಅದರ ಇಂಜಿನಿಯರಿಂಗ್ ಕಾಲೇಜು 1963ರಲ್ಲಿ ಬಾಗಿಲು ತೆರೆಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಚಿಪ್ ವಿನ್ಯಾಸವೂ ಒಂದು ಉದ್ಯೋಗವಾಯಿತು. ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಮಕ್ಕಳಿಗೂ ಆ ಬಾಗಿಲು ತೆರೆದೇ ಇದೆ. ಆ ಕೆಲಸದೊಳಗಿನ ಒಂದು ಗಟ್ಟಿ ಪ್ರಶ್ನೆಯನ್ನು ಕನ್ನಡದಲ್ಲಿ, ಲೆಕ್ಕದ ಸಮೇತ ನಿಮ್ಮ ಮುಂದಿಡಬೇಕೆಂದು ಇಂದು ನಿಂತಿದ್ದೇನೆ. ಚಿಪ್ಪಿನೊಳಗೆ ದೊಡ್ಡ ಕೆಪಾಸಿಟರಿಗೆ ಜಾಗವಿಲ್ಲದಾಗ ಫೇಸ್ ಲಾಕ್ಡ್ ಲೂಪನ್ನು, ಅಂದರೆ ಪಿಎಲ್‌ಎಲ್‌ ಅನ್ನು, ಸ್ಥಿರವಾಗಿ ಇಡುವುದು ಹೇಗೆ?

ಲೂಪ್ ಮಾಡುವ ಕೆಲಸ

ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರದ ಯಾವುದೇ ಯಂತ್ರ ಗ್ರಿಡ್ಡಿಗೆ ಸೇರುವ ಮುನ್ನ ತನ್ನ ಅಲೆಯನ್ನು ಗ್ರಿಡ್ಡಿನ 50 ಹರ್ಟ್ಸ್ ಅಲೆಗೆ ಹೊಂದಿಸಿಕೊಳ್ಳಬೇಕು. ವೇಗ ಒಂದೇ ಇದ್ದರೆ ಸಾಲದು, ಏರಿಳಿತವೂ ಒಂದೇ ಕ್ಷಣಕ್ಕೆ ಬೀಳಬೇಕು. ಒಂದು ಅಲೆಯನ್ನು ಇನ್ನೊಂದಕ್ಕೆ ಹೀಗೆ ತಾನಾಗಿ ಹೊಂದಿಸುತ್ತಲೇ ಇರುವ ಸರ್ಕ್ಯೂಟು ಪಿಎಲ್‌ಎಲ್. ಫ್ರಾನ್ಸಿನ ಆಂರಿ ದ ಬೆಲ್ಸಿಜ್ 1932ರಲ್ಲಿ ರೇಡಿಯೊ ಗ್ರಾಹಕಕ್ಕಾಗಿ ಇದರ ಮೂಲ ವಿಚಾರವನ್ನು ಪ್ರಕಟಿಸಿದರು. ಇಂದು ಮೊಬೈಲಿನ ರೇಡಿಯೊ, ಪ್ರೊಸೆಸರಿನ ಕ್ಲಾಕ್, ಮನೆಯ ಮೇಲಿನ ಸೋಲಾರ್ ಇನ್ವರ್ಟರ್, ಎಲ್ಲದರಲ್ಲೂ ಅದಿದೆ.

ಒಳಗೆ ನಡೆಯುವುದು ಇಷ್ಟು. ಫೇಸ್ ಡಿಟೆಕ್ಟರ್ ಎರಡು ಅಲೆಗಳ ಅಂತರ ನೋಡುತ್ತದೆ. ಚಾರ್ಜ್ ಪಂಪ್ ಆ ಅಂತರದಷ್ಟು ಹೊತ್ತು ಕರೆಂಟನ್ನು ಲೂಪ್ ಫಿಲ್ಟರಿಗೆ ತುಂಬುತ್ತದೆ ಅಥವಾ ಅಲ್ಲಿಂದ ಎಳೆಯುತ್ತದೆ. ಫಿಲ್ಟರಿನ ವೋಲ್ಟೇಜು ವಿಸಿಒ ಎಂಬ ಆಸಿಲೇಟರಿನ ಫ್ರೀಕ್ವೆನ್ಸಿಯನ್ನು ಏರಿಳಿಸುತ್ತದೆ. ಡಿವೈಡರ್ ಆ ಫ್ರೀಕ್ವೆನ್ಸಿಯನ್ನು ಭಾಗಿಸಿ ಮತ್ತೆ ಡಿಟೆಕ್ಟರಿಗೆ ಒಪ್ಪಿಸುತ್ತದೆ.

ಫಿಲ್ಟರಿನ ದೊಡ್ಡ ಕೆಪಾಸಿಟರ್ ಲೂಪಿನ ನೆನಪು: ಸರಿಯಾದ ಫ್ರೀಕ್ವೆನ್ಸಿಗೆ ಬೇಕಾದ ವೋಲ್ಟೇಜನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕೆಪಾಸಿಟರ್ 90 ಡಿಗ್ರಿ ತಡ ಮಾಡುತ್ತದೆ, ವಿಸಿಒ ಇನ್ನೊಂದು 90 ಡಿಗ್ರಿ. ಎರಡೂ ಸೇರಿ 180 ಆದರೆ ತಿದ್ದಬೇಕಾದ ಲೂಪು ತಾನೇ ತೂಗಾಡತೊಡಗುತ್ತದೆ. ಅದಕ್ಕಾಗಿ ಕೆಪಾಸಿಟರಿನ ಸರಣಿಯಲ್ಲಿ ಒಂದು ರೆಸಿಸ್ಟರ್ ಇಡುತ್ತೇವೆ. ಅದು ಆ ಕ್ಷಣದ ತಪ್ಪಿಗೆ ಆ ಕ್ಷಣವೇ ತಿದ್ದುಪಡಿ ಕೊಟ್ಟು, ಕಳೆದ ಫೇಸನ್ನು ಮರಳಿಸುತ್ತದೆ. ಏರಿಳಿತವನ್ನು ನಯಗೊಳಿಸಲು ಪಕ್ಕದಲ್ಲಿ ಇನ್ನೊಂದು ಸಣ್ಣ ಕೆಪಾಸಿಟರ್ ಇರುತ್ತದೆ.

ಒಂದು ಲೆಕ್ಕ

ಒಳಬರುವ ಕ್ಲಾಕ್ 10 ಮೆಗಾಹರ್ಟ್ಸ್, ಹೊರಬರಬೇಕಾದ್ದು 1 ಗಿಗಾಹರ್ಟ್ಸ್ ಎನ್ನೋಣ, ಡಿವೈಡರ್ 100. ವಿಸಿಒ ಪ್ರತಿ ವೋಲ್ಟಿಗೆ 100 ಮೆಗಾಹರ್ಟ್ಸ್ ಸರಿಯುತ್ತದೆ. ಚಾರ್ಜ್ ಪಂಪಿನ ಕರೆಂಟು 100 ಮೈಕ್ರೊಆಂಪ್, ನಮಗೆ ಬೇಕಾದ ಲೂಪ್ ಬ್ಯಾಂಡ್‌ವಿಡ್ತ್ 100 ಕಿಲೊಹರ್ಟ್ಸ್. ಆಗ ರೆಸಿಸ್ಟರ್ ಸುಮಾರು 6.3 ಕಿಲೊಓಮ್ ಬರುತ್ತದೆ. ರೆಸಿಸ್ಟರ್ ಫೇಸ್ ಮರಳಿಸತೊಡಗುವ ಫ್ರೀಕ್ವೆನ್ಸಿಯನ್ನು, ಅಂದರೆ ಸೊನ್ನೆಯನ್ನು (ಝೀರೊ), ಬ್ಯಾಂಡ್‌ವಿಡ್ತ್‌ನ ಕಾಲು ಭಾಗದಲ್ಲಿ, ಅಂದರೆ 25 ಕಿಲೊಹರ್ಟ್ಸ್‌ನಲ್ಲಿ ಇಟ್ಟರೆ ದೊಡ್ಡ ಕೆಪಾಸಿಟರ್ 1 ನ್ಯಾನೊಫ್ಯಾರಡ್ ಆಗಬೇಕು. ಸಣ್ಣದು ಅದರ ಹದಿನೈದನೇ ಒಂದು ಭಾಗವಾದರೆ ಫೇಸ್ ಮಾರ್ಜಿನ್, ಅಂದರೆ ಆ 180 ಡಿಗ್ರಿ ತಲುಪಲು ಉಳಿದಿರುವ ಅಂತರ, ಸುಮಾರು 62 ಡಿಗ್ರಿ. ಇದು ನೆಮ್ಮದಿಯ ವಿನ್ಯಾಸ.

ಪ್ರಯೋಗಾಲಯದಲ್ಲಿ 565 ಅಥವಾ 4046 ಐಸಿ ಇಟ್ಟುಕೊಂಡು ಪಿಎಲ್‌ಎಲ್ ಕಟ್ಟುವಾಗ 1 ನ್ಯಾನೊಫ್ಯಾರಡ್ ಒಂದು ಲೆಕ್ಕವೇ ಅಲ್ಲ. ಡಬ್ಬಿಯಿಂದ ತೆಗೆದು ಬ್ರೆಡ್‌ಬೋರ್ಡಿಗೆ ಚುಚ್ಚಿದರಾಯಿತು. ಚಿಪ್ಪಿನೊಳಗೆ ಲೋಹದ ಪದರಗಳ ನಡುವೆ ಕಟ್ಟುವ ಕೆಪಾಸಿಟರ್ ಒಂದು ಚದರ ಮೈಕ್ರಾನಿಗೆ 1 ಫೆಮ್ಟೊಫ್ಯಾರಡ್ ಆಸುಪಾಸು ಕೊಡುತ್ತದೆ. ಆ ಲೆಕ್ಕದಲ್ಲಿ 1 ನ್ಯಾನೊಫ್ಯಾರಡಿಗೆ ಪೂರ್ತಿ ಒಂದು ಚದರ ಮಿಲಿಮೀಟರ್ ಬೇಕು. ಅಷ್ಟು ಜಾಗದಲ್ಲಿ ಹತ್ತಾರು ಸಾವಿರ ಲಾಜಿಕ್ ಗೇಟುಗಳನ್ನು ಕೂಡಿಸಬಹುದು. ಕೆಪಾಸಿಟರನ್ನು ಚಿಪ್ಪಿನ ಹೊರಗಿಡೋಣವೆಂದರೆ ಒಂದು ಪಿನ್ನು ಖರ್ಚು. ಆ ತಂತಿ ಬೋರ್ಡಿನ ವಿದ್ಯುತ್ ಸದ್ದನ್ನೆಲ್ಲ (ನಾಯ್ಸ್) ವಿಸಿಒದ ಅತಿ ಸೂಕ್ಷ್ಮ ಜಾಗಕ್ಕೇ ತಂದು ಸುರಿಯುತ್ತದೆ.

ಹಾಗೆಂದು ಬೇರೇನನ್ನೂ ಮುಟ್ಟದೆ ಎರಡೂ ಕೆಪಾಸಿಟರುಗಳನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಫೇಸ್ ಮಾರ್ಜಿನ್ 62ರಿಂದ ಸುಮಾರು 31 ಡಿಗ್ರಿಗೆ ಕುಸಿಯುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಒಂದು ಕಾಲುವೆ ನೀರು ಬಿದ್ದರೆ ಮಟ್ಟ ಕದಲುವುದಿಲ್ಲ. ಅದೇ ಕಾಲುವೆಯನ್ನು ಹೊಲದ ಕೃಷಿ ಹೊಂಡಕ್ಕೆ ತಿರುಗಿಸಿದರೆ ಗಳಿಗೆಯಲ್ಲಿ ದಂಡೆ ಮೀರುತ್ತದೆ. ಹೊಂಡ ಚಿಕ್ಕದಾದರೆ ಅದಕ್ಕೆ ಬಿಡುವ ನೀರೂ ಕಡಿಮೆಯಾಗಬೇಕು. ಇನ್ನು ನಾನು ಹೇಳುವ ದಾರಿಗಳಲ್ಲಿ ಕೆಲವು ಈ ಒಂದು ತಿಳಿವಳಿಕೆಯಿಂದಲೇ ಹೊರಡುತ್ತವೆ.

ದಾರಿಗಳು ಮತ್ತು ಅವುಗಳ ಬೆಲೆ

ಮೊದಲನೆಯ ದಾರಿ, ಪಂಪಿನ ಕರೆಂಟನ್ನೇ 10 ಮೈಕ್ರೊಆಂಪಿಗೆ ಇಳಿಸುವುದು. ಬ್ಯಾಂಡ್‌ವಿಡ್ತ್ ಉಳಿಯಬೇಕಾದರೆ ರೆಸಿಸ್ಟರ್ 63 ಕಿಲೊಓಮ್ ಆಗಬೇಕು. ಕೆಪಾಸಿಟರ್ 100 ಪಿಕೊಫ್ಯಾರಡಿಗೆ ಇಳಿಯುತ್ತದೆ. ಫೇಸ್ ಮಾರ್ಜಿನ್ ಕಿಂಚಿತ್ತೂ ಕದಲುವುದಿಲ್ಲ. ಆದರೆ ರೆಸಿಸ್ಟರಿನ ಉಷ್ಣ ಸದ್ದು ಅದರ ಮೌಲ್ಯದ ವರ್ಗಮೂಲದಂತೆ ಬೆಳೆಯುವುದರಿಂದ 3.2 ಪಟ್ಟಾಗುತ್ತದೆ, ಆ ಸದ್ದು ನೇರವಾಗಿ ಕ್ಲಾಕಿನ ಜಿಟ್ಟರಾಗಿ, ಅಂದರೆ ಸಮಯದ ನಡುಕವಾಗಿ, ಹೊರಬೀಳುತ್ತದೆ.

ಎರಡನೆಯದು, ಬ್ಯಾಂಡ್‌ವಿಡ್ತ್ ಹಿಗ್ಗಿಸುವುದು. ಕರೆಂಟು ಅಷ್ಟೇ ಇದ್ದಾಗ ಬೇಕಾಗುವ ಕೆಪಾಸಿಟರ್ ಬ್ಯಾಂಡ್‌ವಿಡ್ತ್‌ನ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. 400 ಕಿಲೊಹರ್ಟ್ಸ್‌ಗೆ ಹೋದರೆ ಸುಮಾರು 63 ಪಿಕೊಫ್ಯಾರಡ್ ಸಾಕು! ಇಷ್ಟು ಉಳಿತಾಯ ಬೇರೆಲ್ಲೂ ಸುಲಭವಾಗಿ ಸಿಗದು. ಇದಕ್ಕೂ ಒಂದು ಎಲ್ಲೆಯಿದೆ. ಚಾರ್ಜ್ ಪಂಪ್ ಪ್ರತಿ ಕ್ಲಾಕಿಗೊಮ್ಮೆ ಮಾತ್ರ ತಿದ್ದುವುದರಿಂದ ಬ್ಯಾಂಡ್‌ವಿಡ್ತ್ ಅತಿಯಾದರೆ ಲೂಪು ಕೈತಪ್ಪುತ್ತದೆ. ಫ್ಲಾಯ್ಡ್ ಗಾರ್ಡ್‌ನರ್ 1980ರಲ್ಲಿ ಇದನ್ನು ಗಣಿತದಿಂದ ತೋರಿಸಿದರು. ಒಳಕ್ಲಾಕಿನ ಹತ್ತನೇ ಒಂದು ಭಾಗವನ್ನು ದಾಟಬಾರದೆಂಬುದು ವಿನ್ಯಾಸಕರು ಪಾಲಿಸುವ ರೂಢಿ. ಜೊತೆಗೆ ಒಳಕ್ಲಾಕಿನ ಮತ್ತು ಪಂಪಿನ ಸದ್ದೂ ಹೆಚ್ಚು ನುಗ್ಗುತ್ತದೆ.

ಮೂರನೆಯದು ನನಗೆ ಬಹಳ ಮೆಚ್ಚುಗೆಯಾದದ್ದು: ನೆನಪಿಗೂ ತಿದ್ದುಪಡಿಗೂ ಬೇರೆ ಬೇರೆ ದಾರಿ. ರೆಸಿಸ್ಟರಿನ ದಾರಿಗೆ 100 ಮೈಕ್ರೊಆಂಪ್ ಹಾಗೇ ಇರಲಿ. ಕೆಪಾಸಿಟರಿನ ದಾರಿಗೆ ಇನ್ನೊಂದು ಪಂಪಿನಿಂದ 10 ಮೈಕ್ರೊಆಂಪ್ ಮಾತ್ರ ಹೋಗಲಿ. ರೆಸಿಸ್ಟರ್ 6.3 ಕಿಲೊಓಮಿನಲ್ಲೇ ಉಳಿಯುತ್ತದೆ, ಸೊನ್ನೆ 25 ಕಿಲೊಹರ್ಟ್ಸ್‌ನಲ್ಲೇ ಉಳಿಯುತ್ತದೆ, ಕೆಪಾಸಿಟರ್ ಮಾತ್ರ 100 ಪಿಕೊಫ್ಯಾರಡ್ ಆಗುತ್ತದೆ. ಯಾನ್ ಕ್ರಾನಿಂಕ್ಸ್ ಮತ್ತು ಮಿಖೀಲ್ ಸ್ಟೆಯಾರ್ಟ್ 1998ರಲ್ಲಿ ಪ್ರಕಟಿಸಿದ ಮೊಬೈಲ್ ಸಿಂಥಸೈಸರಿನಲ್ಲಿ ಇಂಥ ಎರಡು ದಾರಿಗಳ ಫಿಲ್ಟರ್ ಇದೆ. ಎರಡು ವೋಲ್ಟೇಜುಗಳನ್ನು ಕೂಡಿಸಲು ಆಂಪ್ಲಿಫೈಯರ್ ಇಟ್ಟರೆ ಅದರ ಸದ್ದೇ ಇಲ್ಲಿಯ ಬೆಲೆ. ವಿಸಿಒಗೆ ಎರಡು ನಿಯಂತ್ರಣ ದ್ವಾರ ಕೊಟ್ಟರೆ ಆ ಆಂಪ್ಲಿಫೈಯರೂ ಬೇಕಿಲ್ಲ.

ನಾಲ್ಕನೆಯದು, ಟ್ರಾನ್ಸಿಸ್ಟರಿನ ಗೇಟನ್ನೇ ಕೆಪಾಸಿಟರಾಗಿ ಬಳಸುವುದು. ಅದೇ ಜಾಗದಲ್ಲಿ ಹಲವು ಪಟ್ಟು ಹೆಚ್ಚು ಸಿಗುತ್ತದೆ. ಆದರೆ ಅದರ ಮೌಲ್ಯ ವೋಲ್ಟೇಜಿನೊಂದಿಗೆ ಬದಲಾಗುತ್ತದೆ. ನಮ್ಮ ಲೆಕ್ಕದ 1 ನ್ಯಾನೊಫ್ಯಾರಡ್ ಯಾವುದೋ ವೋಲ್ಟೇಜಿನಲ್ಲಿ ಅರ್ಧವಾದರೆ ಮಾರ್ಜಿನ್ ಸುಮಾರು 50 ಡಿಗ್ರಿಗೆ ಬರುತ್ತದೆ. ತೀರಾ ತೆಳು ಗೇಟಿನ ತಂತ್ರಜ್ಞಾನಗಳಲ್ಲಿ ಚಾರ್ಜು ಸೋರಿಹೋಗಿ, ಅದನ್ನು ತುಂಬಲು ಪಂಪು ಪ್ರತಿ ಕ್ಲಾಕಿಗೂ ತಟ್ಟಬೇಕಾಗುತ್ತದೆ. ಸ್ಪೆಕ್ಟ್ರಮ್ಮಿನಲ್ಲಿ ಬೇಡದ ಮೊನೆಗಳು ಏಳುತ್ತವೆ.

ಕೊನೆಯದು, ನೆನಪನ್ನು ಅಂಕಿಯಾಗಿಸುವುದು. ಸೋಲಾರ್ ಇನ್ವರ್ಟರಿನ ಪಿಎಲ್‌ಎಲ್ ಹೆಚ್ಚಾಗಿ ಅದರ ಪ್ರೊಸೆಸರಿನೊಳಗಿನ ಪ್ರೋಗ್ರಾಮು. ಅಲ್ಲಿ ಕೆಪಾಸಿಟರಿನ ಕೆಲಸವನ್ನು ಒಂದು ರಿಜಿಸ್ಟರಿನ ಸಂಖ್ಯೆ ಮಾಡುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ರಾಬರ್ಟ್ ಸ್ಟಾಶೆವ್ಸ್ಕಿ ಮತ್ತು ಸಂಗಡಿಗರು 2004ರ ಹೊತ್ತಿಗೆ ಬ್ಲೂಟೂತ್ ರೇಡಿಯೊಗೇ ಪೂರ್ತಿ ಡಿಜಿಟಲ್ ಪಿಎಲ್‌ಎಲ್ ಮಾಡಿ ತೋರಿಸಿದರು. ಸಂಖ್ಯೆ ಸೋರುವುದಿಲ್ಲ. ಆದರೆ ಕಾಲವನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆಯುವುದರಿಂದ ಮೆಟ್ಟಿಲಿನಷ್ಟು ತಪ್ಪು ಸದ್ದಾಗಿ ಸೇರಿಕೊಳ್ಳುತ್ತದೆ.

ಇಲ್ಲಿಯ ವಿದ್ಯಾರ್ಥಿಗಳಿಗೆ

ಉಳಿಸಿದ ಪ್ರತಿ ಪಿಕೊಫ್ಯಾರಡಿಗೂ ಸದ್ದಿನಲ್ಲೋ, ವಿದ್ಯುತ್ತಿನಲ್ಲೋ, ಜಟಿಲತೆಯಲ್ಲೋ ಬೆಲೆ ಕೊಟ್ಟಿರುತ್ತೇವೆ. ಯಾವುದನ್ನು, ಎಷ್ಟು, ಯಾಕೆ ಕೊಟ್ಟೆ ಎಂದು ಅಂಕಿಯಲ್ಲಿ ಹೇಳಬಲ್ಲವರೇ ವಿನ್ಯಾಸಕರು. ಸಿಮ್ಯುಲೇಟರ್ ಉತ್ತರ ಕೊಡುತ್ತದೆ. ಕಾರಣ ಕೊಡುವವರು ನೀವು.

ಸಲಕರಣೆಯಿಲ್ಲವೆಂಬ ಅಡ್ಡಿ ಈಗ ಬಹುಮಟ್ಟಿಗೆ ಕಳೆದಿದೆ. ಗೂಗಲ್ ಮತ್ತು ಸ್ಕೈವಾಟರ್ 2020ರಲ್ಲಿ 130 ನ್ಯಾನೊಮೀಟರ್ ತಂತ್ರಜ್ಞಾನದ ವಿನ್ಯಾಸ ಮಾಹಿತಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟವು. ಎನ್‌ಜಿಸ್ಪೈಸ್, ಮ್ಯಾಜಿಕ್ ಮುಂತಾದ ತಂತ್ರಾಂಶಗಳು ಉಚಿತ. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೊಮೀಟರ್ ಚಿಪ್ ತಯಾರಾಗುತ್ತದೆ. ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆ 85,000 ಇಂಜಿನಿಯರುಗಳನ್ನು ತರಬೇತುಗೊಳಿಸುವ ಗುರಿ ಇಟ್ಟುಕೊಂಡಿದೆ.

ನನ್ನ ಕೋರಿಕೆ ಇಷ್ಟೇ. ಇಂದಿನ ಲೆಕ್ಕವನ್ನು ಮೊದಲು ಹಾಳೆಯ ಮೇಲೆ ಮಾಡಿ, ಆಮೇಲೆ ಸಿಮ್ಯುಲೇಟರಿಗೆ ಹಾಕಿ. ಐದೂ ದಾರಿಗಳಲ್ಲಿ ಅದೇ 1 ಗಿಗಾಹರ್ಟ್ಸ್ ಕ್ಲಾಕನ್ನು ಕಟ್ಟಿ, ಜಾಗ, ಸದ್ದು, ವಿದ್ಯುತ್ತು ಮೂರನ್ನೂ ಒಂದು ಕೋಷ್ಟಕದಲ್ಲಿ ಬರೆಯಿರಿ. ಅಧ್ಯಾಪಕರು ಆ ಕೋಷ್ಟಕವನ್ನು ಮುಂದಿನ ವರ್ಷದ ತಂಡಕ್ಕೆ ದಾಟಿಸಲಿ; ಅವರು ಅಲ್ಲಿಂದ ಮುಂದೆ ನಡೆಯಲಿ. ದತ್ತಿಯ ಹಣ ಇಂಥ ಒಂದು ಕೆಲಸಕ್ಕೆ ಆಸರೆಯಾದರೆ ಅದನ್ನಿಟ್ಟವರ ಆಸೆ ನೆರವೇರಿದಂತೆ.